ಒಡೆಯರ ಒಪ್ಪಿಗೆ ಇರುವ ತನಕ

2019ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ಸಂಸ್ಥಾನದ ಈಸ್ಟ್ ಬರ್ಕ್ ಎಂಬ ಪುಟ್ಟ ಹಳ್ಳಿಯಿಂದ ಒಂದು ವಾರ್ತೆ ಹೊರಬಿದ್ದಿತು. ಊರಿನ ಪಕ್ಕದ ಡಾರ್ಲಿಂಗ್ ಗುಡ್ಡದ ಮೇಲೆ ಜಮೀನುಳ್ಳ ಮೂವರು ಒಡೆಯರು ತಮ್ಮ ನೆಲದ ಮೇಲೆ ಇನ್ನು ಮುಂದೆ ಸೈಕಲ್ಲು ಹಾಯಕೂಡದೆಂದು ತಿಳಿಸಿದ್ದರು. ನಡೆದು ಹೋಗುವವರಿಗೆ ಅವರ ಅಡ್ಡಿಯಿರಲಿಲ್ಲ. ಕುದುರೆಯೇರಿ ಬರುವವರಿಗೂ ಇರಲಿಲ್ಲ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುತ್ತ ಹೋಗುವವರಿಗೂ ಇರಲಿಲ್ಲ. ಬಾಗಿಲು ಮುಚ್ಚಿದ್ದು ಸೈಕಲ್ಲಿಗೆ ಮಾತ್ರ.

ಮೂವರು ಬೇಡವೆಂದರೆ ಆಕಾಶವೇನು ಕಳಚಿ ಬಿದ್ದಿತೆ, ಎಂದು ಓದುಗರು ಕೇಳಬಹುದು. ಈಸ್ಟ್ ಬರ್ಕಿನ ಮಟ್ಟಿಗೆ ಅದು ಬಹುಮಟ್ಟಿಗೆ ಹಾಗೆಯೇ ಆಯಿತು. ಬರ್ಕ್ ಪಟ್ಟಣದ ಜನಸಂಖ್ಯೆ ಸುಮಾರು 1,600. ಅದರ ಒಂದು ಭಾಗವಾದ ಈ ಹಳ್ಳಿಯಲ್ಲಿ ಬೇಸಗೆಯ ದಿನಗಳಲ್ಲಿ ಊಟದ ಮನೆ, ವಸತಿಗೃಹ, ಸೈಕಲ್ ಅಂಗಡಿ, ದಿನಸಿ ಅಂಗಡಿ ಇವೆಲ್ಲವೂ ನಡೆಯುವುದು ದೂರದೂರದಿಂದ ಬೆಟ್ಟದ ಸೈಕಲ್ಲುಗಳನ್ನು ಮೋಟಾರಿನ ಬೆನ್ನಿಗೆ ಕಟ್ಟಿಕೊಂಡು ಬರುವ ಸವಾರರಿಂದ. ಅವರು ಬರುವುದು ನೂರು ಮೈಲಿಗೂ ಮಿಕ್ಕಿದ ಕಿರುದಾರಿಗಳಿಗಾಗಿ. ಆ ದಾರಿಗಳಾದರೋ ಸರ್ಕಾರದ ಕಾಡಿನಲ್ಲಿಲ್ಲ; ನೂರರ ಸಮೀಪದಷ್ಟು ಮಂದಿ ಖಾಸಗಿ ಒಡೆಯರ ಹುಲ್ಲುಗಾವಲು, ತೋಪು, ಕಾಡುಗಳ ನಡುವೆ ಹಾವಿನಂತೆ ಸುತ್ತಿ ಬಳಸಿ ಹೋಗುತ್ತವೆ. ಸರಪಣಿಯ ನಡುವಿನ ಮೂರು ಕೊಂಡಿ ಕಳಚಿದರೆ ಎರಡು ತುದಿಗಳ ಗತಿಯೇನು?

ಬೆಟ್ಟದ ಸೈಕಲ್ಲಿನ ಪರಿಚಯವನ್ನು ಇಲ್ಲಿಯೇ ಎರಡು ಮಾತಿನಲ್ಲಿ ಹೇಳಿಬಿಡೋಣ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ಕೆಲವು ತರುಣರು ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು, ಗುಡ್ಡದ ಕಚ್ಚಾದಾರಿಗಳಲ್ಲಿ ಇಳಿಸಿ ಪಂದ್ಯ ಹೂಡುತ್ತಿದ್ದರು. ಇಳಿಯುವಾಗ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿದ್ದುದರಿಂದ ಪ್ರತಿಬಾರಿಯೂ ಬಿಚ್ಚಿ ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂದುದೇ ಹಾಗೆ. ಇಪ್ಪತ್ತು ವರ್ಷಗಳೊಳಗೆ, 1996ರಲ್ಲಿ, ಈ ಆಟ ಅಟ್ಲಾಂಟದ ಒಲಿಂಪಿಕ್ ಪಂದ್ಯಗಳಲ್ಲಿ ಸ್ಥಾನ ಪಡೆಯಿತು. ಡಾಂಬರು ರಸ್ತೆಯ ಸೈಕಲ್ಲಿಗೆ ಸರ್ಕಾರ ರಸ್ತೆ ಹಾಕಿಕೊಟ್ಟಿದೆ. ಬೆಟ್ಟದ ಸೈಕಲ್ಲಿಗೆ ಬೇಕಾದ ದಾರಿ ಇರುವುದು ಯಾರದೋ ಕಾಡಿನಲ್ಲಿ, ಯಾರದೋ ಹೊಲದಂಚಿನಲ್ಲಿ. ತಂಟೆಯೆಲ್ಲ ಅಲ್ಲಿಂದಲೇ.

ಡಾರ್ಲಿಂಗ್ ಗುಡ್ಡದ ಕಥೆ ಅದಕ್ಕಿಂತ ಹಳೆಯದು. ಎಲ್ಮರ್ ಡಾರ್ಲಿಂಗ್ ಎಂಬ ಶ್ರೀಮಂತನಿಗೆ ನ್ಯೂಯಾರ್ಕ್ ನಗರದ ಪ್ರಸಿದ್ಧ ಫಿಫ್ತ್ ಅವೆನ್ಯೂ ಹೋಟೆಲಿನ ಸಂಬಂಧವಿದ್ದಿತು. ಆತ 1883ರಲ್ಲಿ ಈ ಗುಡ್ಡದ ಮೇಲೆ ದೊಡ್ಡದೊಂದು ಬೇಸಾಯದ ನೆಲೆಯನ್ನು ಸ್ಥಾಪಿಸಿದ. ಇಲ್ಲಿನ ಬೆಣ್ಣೆ, ಗಿಣ್ಣುಗಳು ಹೋಟೆಲಿನ ಅತಿಥಿಗಳ ಮೇಜನ್ನು ಸೇರುತ್ತಿದ್ದವು. ಅಂದು ಹಳ್ಳಿಯ ಬೆಣ್ಣೆ ನಗರಕ್ಕೆ ಹೋಗುತ್ತಿತ್ತು. ಇಂದು ನಗರದವರೇ ಆ ಗುಡ್ಡಕ್ಕೆ ಬರುತ್ತಾರೆ. ಇಂಥ ಪ್ರದೇಶದಲ್ಲಿ 1994ರಲ್ಲಿ ಊರಿನ ಕೆಲವರು ಕೂಡಿ ‘ಕಿಂಗ್‌ಡಂ ಟ್ರೇಲ್ಸ್’ ಎಂಬ ಸಂಘವನ್ನು ಕಟ್ಟಿದರು. ಜಮೀನಿನ ಒಡೆಯರ ಒಪ್ಪಿಗೆ ಪಡೆದು, ಹಳೆಯ ಬಂಡಿಜಾಡು, ದನದ ದಾರಿ, ಮರ ಸಾಗಿಸುವ ದಾರಿಗಳನ್ನು ಒಂದಕ್ಕೊಂದು ಹೊಂದಿಸಿ, ನಡುನಡುವೆ ಹೊಸದನ್ನು ಕಡಿಯುತ್ತ ಹೋದರು. ಸವಾರರು ದಿನದ ಚೀಟಿಯನ್ನೋ ವರ್ಷದ ಚೀಟಿಯನ್ನೋ ಕೊಳ್ಳಬೇಕು. ಆ ಹಣ ದಾರಿಯ ದುರಸ್ತಿಗೆ. ಜಮೀನಿನ ಒಡೆಯರಿಗೆ ಬಾಡಿಗೆಯಿಲ್ಲ.

ಬಾಡಿಗೆಯಿಲ್ಲವೆಂಬುದು ಔದಾರ್ಯದ ಮಾತಷ್ಟೇ ಅಲ್ಲ, ಅದರಲ್ಲಿ ಕಾನೂನಿನ ಸೂಕ್ಷ್ಮವೂ ಅಡಗಿದೆ. ಸವಾರನೊಬ್ಬ ಬಂಡೆಗೆ ಬಡಿದು ಕಾಲು ಮುರಿದುಕೊಂಡ ಎನ್ನಿ. ಆತ ಜಮೀನಿನ ಒಡೆಯನ ಮೇಲೆ ದಾವೆ ಹೂಡಿದರೆ? ಅಮೆರಿಕದಲ್ಲಿ ಈ ಭಯ ಸಾಮಾನ್ಯವಾದುದಲ್ಲ. 1998ರಲ್ಲಿ ವರ್ಮಾಂಟಿನ ಶಾಸನಸಭೆ ಒಂದು ಕಾಯಿದೆಯನ್ನು ಮಾಡಿತು. ಪ್ರತಿಫಲ ಪಡೆಯದೆ ತನ್ನ ಬಯಲು ನೆಲವನ್ನು ವಿಹಾರಕ್ಕೆ ಬಿಟ್ಟುಕೊಟ್ಟ ಒಡೆಯನು, ಬೇಕೆಂದೇ ಅಥವಾ ಕಣ್ಣುಮುಚ್ಚಿದ ಉದ್ದಟತನದಿಂದ ಹಾನಿಯೆಸಗಿದ ಹೊರತು, ಬಂದವನ ಪೆಟ್ಟಿಗೆ ಹೊಣೆಯಲ್ಲ. ವಿಹಾರವೆಂದರೆ ಬೇಟೆ, ಮೀನುಗಾರಿಕೆಗಳಿಂದ ಹಿಡಿದು ಕಾಡುಹಣ್ಣು ಕೀಳುವುದರವರೆಗೆ. ಸೈಕಲ್ ಸವಾರಿಯೂ ಆ ಪಟ್ಟಿಯಲ್ಲಿದೆ. ಪ್ರತಿಫಲ ಪಡೆದರೆ ಈ ರಕ್ಷಣೆಯ ಕೊಡೆ ಮಡಿಸಿದಂತೆಯೇ. ಆದರೆ ಸವಾರರಿಂದಾಗುವ ನಷ್ಟವನ್ನು ತುಂಬಿಕೊಡಲು ಅಥವಾ ಅದಕ್ಕೆ ವಿಮೆ ಇಳಿಸಲು ಕೊಟ್ಟದ್ದು ಪ್ರತಿಫಲವಾಗದೆಂದು ಕಾಯಿದೆಯೇ ಬಿಡಿಸಿ ಹೇಳಿದೆ. ಆದುದರಿಂದಲೇ ಇಂಥ ಸಂಘಗಳು ಒಡೆಯನಿಗೆ ಹಣ ಕೊಡದೆ, ವಿಮೆಯ ಹೊರೆಯನ್ನೂ ಗುದ್ದಲಿಯ ಕೆಲಸವನ್ನೂ ತಾವೇ ಹೊರುವುದು.

ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ನಮ್ಮ ಹಳ್ಳಿಗಳ ಕಾಲುದಾರಿಯ ವ್ಯಾಜ್ಯಗಳನ್ನು ಕಂಡವರಿಗೆ ಅದರ ಬೆಲೆ ಕೂಡಲೆ ತಿಳಿಯುವುದು. ‘ಅಜ್ಜನ ಕಾಲದಿಂದ ಈ ಬದುವಿನ ಮೇಲೆ ನಡೆದಿದ್ದೇವೆ, ಈಗ ಬೇಲಿ ಹಾಕಲು ನೀನಾರು?’ ಎಂಬ ಜಗಳ ನಮ್ಮಲ್ಲಿ ಯಾವ ಊರಿನಲ್ಲಿಲ್ಲ? ಬಹುಕಾಲ ನಡೆದುದರಿಂದಲೇ ಹಕ್ಕು ಹುಟ್ಟುವುದೆಂಬ ಭಯದಿಂದ ನಮ್ಮ ರೈತ ಎಷ್ಟೋ ಸಲ ಮೊದಲಿಗೇ ಮುಳ್ಳು ಬಡಿಯುತ್ತಾನೆ. ವರ್ಮಾಂಟಿನ ಕಾಯಿದೆ ಆ ಭಯವನ್ನು ಕಳೆಯಿತು: ಧರ್ಮಕ್ಕೆ ಬಿಟ್ಟುಕೊಟ್ಟ ನೆಲದ ಮೇಲೆ ಎಷ್ಟು ವರ್ಷ ಓಡಾಡಿದರೂ ಓಡಾಡಿದವರಿಗೆ ಹಕ್ಕು ಹುಟ್ಟದು. ಇದರಿಂದ ಒಡೆಯ ನಿರ್ಭಯವಾಗಿ ‘ಬನ್ನಿ’ ಎನ್ನಬಲ್ಲ. ಅಷ್ಟೇ ನಿರ್ಭಯವಾಗಿ ಮರುದಿನ ‘ಹೋಗಿ’ ಎನ್ನಲೂಬಲ್ಲ. ಕಾಲು ಶತಮಾನ ತುಳಿದ ದಾರಿಯನ್ನು 2019ರಲ್ಲಿ ಮೂವರು ಮುಚ್ಚಿದಾಗ, ಯಾವ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವಂತೆಯೂ ಇರಲಿಲ್ಲ.

ಬೇರೆ ದೇಶಗಳಲ್ಲಿ ಬೇರೆ ಕ್ರಮವಿದೆ. ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಹಾಯುವ ಕುದುರೆದಾರಿಗಳ ಮೇಲೆ ಸೈಕಲ್ಲು ಹೋಗಬಹುದೆಂದು 1968ರ ಗ್ರಾಮಾಂತರ ಕಾಯಿದೆ ಹೇಳಿತು. ಆದರೆ ಸವಾರನು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿಯನ್ನು ಸರಿಪಡಿಸುವ ಹೊಣೆ ಯಾರದೂ ಅಲ್ಲ! ಸ್ಕಾಟ್ಲೆಂಡು 2003ರ ಭೂಸುಧಾರಣಾ ಕಾಯಿದೆಯಿಂದ ಇನ್ನೂ ಮುಂದೆ ಹೋಗಿ, ಹೊಣೆಯರಿತು ನಡೆವ ಎಲ್ಲರಿಗೂ ಬಹುತೇಕ ಎಲ್ಲ ನೆಲದ ಮೇಲೂ ಓಡಾಡುವ ಹಕ್ಕನ್ನು ಕೊಟ್ಟಿತು. ಬಿತ್ತಿದ ಹೊಲ, ಮನೆಯಂಗಳಗಳು ಹೊರತು. ಹಕ್ಕೆಂಬುದು ಗಟ್ಟಿ ವಸ್ತು. ಒಪ್ಪಿಗೆ ಗಾಜಿನ ಪಾತ್ರೆ. ಆದರೆ ಹೊಸ ದಾರಿ ಕಡಿಯಲು, ಸಂಕ ಕಟ್ಟಲು, ಕಲ್ಲು ಹಾಸಲು ಹಕ್ಕಿನ ದೇಶದಲ್ಲಿಯೂ ಒಡೆಯನ ಒಪ್ಪಿಗೆಯೇ ಬೇಕೆಂಬುದನ್ನು ಮರೆಯುವಂತಿಲ್ಲ.

ದಾರಿಯನ್ನು ಕಡಿದು ಬಿಟ್ಟರೆ ಸಾಲದು. ಅದರ ಶತ್ರು ಸೈಕಲ್ಲಿನ ಗಾಲಿಯೆಂದು ನಾವು ತಿಳಿಯುತ್ತೇವೆ. ನಿಜವಾದ ಶತ್ರು ನೀರು. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಇಳಿಸಿದ ದಾರಿ ಮೊದಲ ಮಳೆಗೇ ಹಳ್ಳವಾಗುತ್ತದೆ. ನೀರು ಮಣ್ಣನ್ನು ಹೊತ್ತು ಕೆಳಗಿನ ಹುಲ್ಲುಗಾವಲಿಗೆ ಸುರಿದಾಗ ನಷ್ಟಪಡುವವನು ಸವಾರನಲ್ಲ, ಹುಲ್ಲು ಬೆಳೆದವನು. ಆದುದರಿಂದ ದಾರಿಗಾರರ ಮೊದಲ ಸೂತ್ರ ಇದು: ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಕೂಡದು. 100 ಅಡಿಗೆ 20 ಅಡಿ ಇಳಿಯುವ ಗುಡ್ಡವಾದರೆ, ದಾರಿ 100 ಅಡಿಗೆ 10 ಅಡಿಗಿಂತ ಹೆಚ್ಚು ಇಳಿಯಬಾರದು. ಹಾಗೆ ಗುಡ್ಡದ ಪಕ್ಕೆಯನ್ನು ಅಡ್ಡಲಾಗಿ ಕೊರೆದು, ಹೊರ ಅಂಚನ್ನು ಒಳ ಅಂಚಿಗಿಂತ ತುಸುವೆ ತಗ್ಗಿಸಿದರೆ, ನೀರು ದಾರಿಯ ಉದ್ದಕ್ಕೆ ಓಡದೆ ಅಡ್ಡಲಾಗಿ ದಾಟಿ ಹೋಗುತ್ತದೆ. ಅಲ್ಲಲ್ಲಿ ದಾರಿಯನ್ನು ಒಂದಿಷ್ಟು ಏರಿಸಿ ಮತ್ತೆ ಇಳಿಸಿದರೆ, ತಗ್ಗಿನಲ್ಲಿ ಉಳಿದ ನೀರೂ ಹೊರಗೆ ಬೀಳುತ್ತದೆ. ಗದ್ದೆಗೆ ನೀರು ಕಟ್ಟಿ ಬಲ್ಲ ನಮ್ಮ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ನೀರನ್ನು ನಿಲ್ಲಿಸುವ ವಿದ್ಯೆಯನ್ನು ಕಲಿತಿದ್ದಾನೆ, ಇವರು ಓಡಿಸುವ ವಿದ್ಯೆಯನ್ನು.

ಈ ಕೆಲಸಕ್ಕೆ ಅವರು ಹಿಡಿಯುವ ಮುಖ್ಯ ಆಯುಧವೊಂದಿದೆ: ಒಂದೇ ಕಾವಿಗೆ ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. ಕಾಡುಕಿಚ್ಚು ನಂದಿಸುವವರಿಗಾಗಿ ಅಮೆರಿಕದ ಅರಣ್ಯ ಇಲಾಖೆಯ ಎಡ್ ಪುಲಾಸ್ಕಿ ರೂಢಿಗೆ ತಂದ ಈ ಉಪಕರಣ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬೇರು ಬಂದರೆ ಕಡಿ, ಮಣ್ಣು ಬಂದರೆ ಅಗೆ. ಜೌಗಿನ ಜಾಗದಲ್ಲಿ ಚಪ್ಪಟೆ ಕಲ್ಲುಗಳನ್ನು ಒತ್ತಾಗಿ ಹೂಳಿ ಹಾಸಬೇಕು, ಇಲ್ಲವೆ ಮಲೆನಾಡಿನ ಕಾಲುಸಂಕದಂತೆ ಹಲಗೆಯ ಸೇತುವೆ ಕಟ್ಟಬೇಕು. ಈ ಹಲಗೆಯೂ ಶಾಶ್ವತವಲ್ಲ. ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಮತ್ತೆ ಹೊರಬೇಕು, ಮತ್ತೆ ಮೊಳೆ ಬಡಿಯಬೇಕು.

ಇನ್ನು ಸವಾರನ ಪಾಲಿನ ದುರಸ್ತಿ. ದಾರಿಯ ನಡುವೆ ಕೆಸರಿನ ಗುಂಡಿಯಿದೆ ಎನ್ನಿ. ಬಟ್ಟೆಗೆ ಕೆಸರು ಸಿಡಿದೀತೆಂದು ಒಬ್ಬ ಸವಾರ ಪಕ್ಕಕ್ಕೆ ತಿರುಗಿಸುತ್ತಾನೆ. ಮುಂದಿನವನು ಅವನ ಜಾಡಿನಿಂದಲೂ ಆಚೆಗೆ. ಒಂದು ಋತು ಕಳೆಯುವಷ್ಟರಲ್ಲಿ ಎರಡಡಿಯ ದಾರಿ ಎಂಟಡಿಯಾಗಿ ಹುಲ್ಲನ್ನು ನುಂಗಿರುತ್ತದೆ. ಆದುದರಿಂದ ಬಲ್ಲ ಸವಾರರ ನಿಯಮವೆಂದರೆ, ಗುಂಡಿ ಬಂದರೆ ಗುಂಡಿಯ ನಡುವೆಯೇ ಹೋಗು. ದಾರಿಯೆಲ್ಲ ಗುಂಡಿಯಾಗಿದ್ದರೆ ಮನೆಯಲ್ಲೇ ಇರು. ಹೊಸಬರಿಗೆ ಇದು ವಿಚಿತ್ರವಾಗಿ ತೋರುವುದು. ಹೊಸ ಸೈಕಲ್ಲಿಗೆ ಸಾವಿರಾರು ಡಾಲರು ಸುರಿದವರಿಗಂತೂ ಮನಸ್ಸೇ ಬಾರದು.

ವರ್ಮಾಂಟಿನ ಬೇಸಾಯದ ಪಂಚಾಂಗವನ್ನೂ ಸವಾರನು ತಿಳಿದಿರಬೇಕು. ಚಳಿಗಾಲದ ಕೊನೆಯಲ್ಲಿ, ಫೆಬ್ರವರಿಯಿಂದ ಏಪ್ರಿಲಿನೊಳಗೆ, ಮೇಪಲ್ ಮರಗಳಿಗೆ ತೂತು ಕೊರೆದು ಸಿಹಿರಸವನ್ನು ಇಳಿಸುತ್ತಾರೆ. ಮರದಿಂದ ಮರಕ್ಕೆ ಸಣ್ಣ ಕೊಳವೆಗಳನ್ನು ಎಳೆದು, ನಮ್ಮ ಆಲೆಮನೆಯನ್ನು ನೆನಪಿಗೆ ತರುವ ಗುಡಿಸಲಿಗೆ ರಸವನ್ನು ಹರಿಸಿ ಕಾಯಿಸುತ್ತಾರೆ. ಸುಮಾರು 40 ಗ್ಯಾಲನ್ ರಸ ಬತ್ತಿದರೆ ಒಂದು ಗ್ಯಾಲನ್ ಪಾಕ. ಕಾಡಿನ ದಾರಿ ಈ ಕೊಳವೆಗಳ ನಡುವೆ ಹಾದಿದ್ದರೆ ಒಬ್ಬನ ಅಜಾಗ್ರತೆ ಇನ್ನೊಬ್ಬನ ವರ್ಷದ ಗಳಿಕೆಗೆ ಮುಳುವಾದೀತು. ಆ ಬಳಿಕ ಹಿಮ ಕರಗುವ ಕೆಸರುಗಾಲ. ಆಗ ದಾರಿಗಳೆಲ್ಲ ಬಂದ್. ಬೇಸಗೆ ಹುಲ್ಲು ಕೊಯ್ಯುವ ಕಾಲ. ನವೆಂಬರಿನಲ್ಲಿ ಜಿಂಕೆಯ ಬೇಟೆ.

ಬೇಟೆಯ ಮಾತು ಬಂದಿತೆಂದು ಹೇಳುತ್ತೇನೆ: ಬೇಲಿಯಿಲ್ಲದ ನೆಲದಲ್ಲಿ ಬೇಟೆಯಾಡುವ ಸ್ವಾತಂತ್ರ್ಯವನ್ನು ವರ್ಮಾಂಟಿನವರು 1777ರಲ್ಲಿ ತಮ್ಮ ಮೊದಲ ಸಂವಿಧಾನದಲ್ಲಿಯೇ ಬರೆದುಕೊಂಡರು. ಬೇಡವೆನ್ನುವ ಒಡೆಯನು ಫಲಕಗಳನ್ನು ನೆಡಬೇಕು. ಒಂದರಿಂದ ಇನ್ನೊಂದು 400 ಅಡಿಗಿಂತ ದೂರವಿರಬಾರದು. ಪ್ರತಿವರ್ಷವೂ ಅದರ ಮೇಲೆ ತಾರೀಖನ್ನು ಹೊಸದಾಗಿ ಬರೆಯಬೇಕು, ಪಟ್ಟಣದ ಗುಮಾಸ್ತರಲ್ಲಿ ನೋಂದಾಯಿಸಬೇಕು. ಹೀಗೆ ಬೇಡವೆನ್ನುವುದೇ ಶ್ರಮದ ಕೆಲಸವಾದ ನಾಡಿನಲ್ಲಿ, ಮೂವರು ಬೇಡವೆಂದರೆ ಅವರ ತಾಳ್ಮೆ ಎಷ್ಟು ಸವೆದಿರಬೇಕು!

ಸವೆದದ್ದೇಕೆಂಬುದು ಗುಟ್ಟಲ್ಲ. ದಾರಿಯ ಕೀರ್ತಿ ಹಬ್ಬಿದಂತೆ ಜನ ಹೆಚ್ಚಿದರು. ಪ್ರತಿ ಬೇಸಗೆಯಲ್ಲಿ ಸಾವಿರಾರು ಮಂದಿ ನೆರೆಯುವ ಸೈಕಲ್ ಉತ್ಸವ ನಡೆಯತೊಡಗಿತು. ಗುಡ್ಡದ ಕಿರಿದಾದ ರಸ್ತೆಯ ತುಂಬ ಸಾಲುಗಟ್ಟಿ ಹೋಗುವ ಸವಾರರು, ಎಲ್ಲೆಂದರಲ್ಲಿ ನಿಲ್ಲಿಸಿದ ಮೋಟಾರುಗಳು, ಕೆಲವರ ಒರಟು ಮಾತು ಇವೆಲ್ಲ ಕೂಡಿಕೊಂಡವು. ಎಲ್ಲ ಸವಾರರೂ ಅಂಥವರಲ್ಲ, ಬಹುಮಂದಿ ಸಭ್ಯರೇ. ಆದರೆ ತನ್ನ ಅಂಗಳದ ಮುಂದೆ ನಡೆದ ಒಂದು ಒರಟುತನವನ್ನು ನೆನೆಯುವಾಗ ಒಡೆಯನು ಲೆಕ್ಕಪತ್ರ ಹಿಡಿದು ಸರಾಸರಿ ತೆಗೆಯುವುದಿಲ್ಲ. ನಾನು ಸವಾರರ ಪಕ್ಷದವನಾದರೂ ಇಲ್ಲಿ ಒಡೆಯರನ್ನು ದೂರಲಾರೆ. ದೂರಬೇಕಾದುದು ಬೆಳೆವಣಿಗೆಯ ಅವಸರವನ್ನು; ‘ಇನ್ನಷ್ಟು ಜನ ಬರಲಿ’ ಎಂದವರಲ್ಲಿ ‘ಎಷ್ಟು ಜನ ಸಾಕು’ ಎಂದು ಕೇಳಿದವರು ವಿರಳ.

ಆ ಪ್ರಶ್ನೆಯನ್ನು ಸಂಘ ಆಮೇಲೆ ಕೇಳಿತು. ದಾರಿಗಳು, ರಸ್ತೆ, ಊರು ಇವು ಎಷ್ಟು ಜನರನ್ನು ತಾಳಬಲ್ಲವು ಎಂಬ ಅಧ್ಯಯನವನ್ನು ಕೈಗೊಂಡಿತು. ದಾರಿಯ ಮೇಲೆ ಸವಾರರಿಗೆ ನಡತೆಯನ್ನು ತಿಳಿಹೇಳುವವರನ್ನು ನೇಮಿಸಿತು. ಮುಚ್ಚಿದ ಭಾಗವನ್ನು ಬಳಸಿಕೊಂಡು ಹೋಗುವ ದಾರಿಗಳ ಮಾತು, ಉಳಿದ ಒಡೆಯರ ಮನೆಬಾಗಿಲಿಗೆ ಹೋಗಿ ಕುಶಲ ವಿಚಾರಿಸುವ ಮಾತು ಮುಂದಕ್ಕೆ ಬಂದವು. ಗುದ್ದಲಿಯ ಕೆಲಸಕ್ಕಿಂತ ಇದು ಕಷ್ಟದ ಕೆಲಸ. ಕೊಚ್ಚಿಹೋದ ಮಣ್ಣನ್ನು ಒಂದು ಭಾನುವಾರದಲ್ಲಿ ಹಾಕಿ ಬಡಿಯಬಹುದು.

ಈಸ್ಟ್ ಬರ್ಕಿನಲ್ಲಿ ಹಿಮ ಕರಗಿದರೂ ಸವಾರರು ಕೂಡಲೆ ಇಳಿಯುವಂತಿಲ್ಲ. ಮೇ ತಿಂಗಳು ನಡುವಿಗೆ ಬರುವ ತನಕ ನೆಲ ನೆನೆದೇ ಇರುತ್ತದೆ. ಅಲ್ಲಿಯವರೆಗೆ ದಾರಿಯ ಕೆಲಸದವರು ಮಾತ್ರ ಕಾಲ್ನಡಿಗೆಯಲ್ಲಿ ಒಳಹೊಕ್ಕು, ಬಿದ್ದ ಮರಗಳನ್ನು ಕೊಯ್ದು ಸರಿಸುತ್ತ, ನೀರು ಕಟ್ಟಿದ ಕಡೆ ಕಾಲುವೆಯ ಬಾಯಿ ಬಿಡಿಸುತ್ತ ಹೋಗುತ್ತಾರೆ.