ರಿಪೋರ್ಟ್ ತುಂಬ 'ಆರ್' ಬಂದಾಗ

ಬಂಗಾರಪೇಟೆ ಪಾನಿಪುರಿ ತಿಂದವರಿಗೆ ಗೊತ್ತು. ಬೇರೆ ಊರುಗಳಲ್ಲಿ ಪಾನಿ ಹಸಿರು, ಅಲ್ಲಿ ಮಾತ್ರ ತಿಳಿನೀರು. ನೋಡೋಕೆ ಬರೀ ನೀರು. ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತೆ! ತಿಳಿಯಾಗಿ ಕಂಡಿದ್ದೆಲ್ಲ ಸಪ್ಪೆಯಲ್ಲ. ಇವತ್ತು ನಾನು ಹೇಳಹೊರಟಿರುವ ವಿಷಯವೂ ಹಾಗೇ ಇದೆ. ಉರಿ ನಿಂತಿತು, ಮೂತ್ರ ತಿಳಿಯಾಯಿತು, ವಾಸಿಯಾಯ್ತು ಅಂದುಕೊಳ್ತೀವಿ. ಒಳಗೆ ಮಾತ್ರ ಏನೂ ವಾಸಿಯಾಗಿರೋದಿಲ್ಲ.

ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ ಕೆಜಿಎಫ್‌ನಿಂದ ವೀಕ್ಷಕಿಯೊಬ್ಬರು ಫೋನ್ ಮಾಡಿದ್ದರು. "ಸಾರ್, ನಮ್ಮ ಯಜಮಾನ್ರಿಗೆ ಕಿಡ್ನಿ ಸ್ಟೋನ್. ವರ್ಷಕ್ಕೆ ಮೂರ್ನಾಲ್ಕು ಸಲ ಉರಿಮೂತ್ರ. ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರ್ತಿದ್ವಿ, ಎರಡು ದಿನಕ್ಕೆ ಕಮ್ಮಿ ಆಗ್ತಿತ್ತು. ಈ ಸಲ ಏನಕ್ಕೂ ಬಗ್ತಿಲ್ಲ. ಮೂತ್ರದ ರಿಪೋರ್ಟ್ ತುಂಬ ಬರೀ 'ಆರ್', 'ಆರ್' ಅಂತಿದೆ. ಹಂಗಂದ್ರೆ ಏನ್ ಸಾರ್?"

ನಾನು ಡಾಕ್ಟರಲ್ಲ. ಆದರೆ ಆ ಅಕ್ಷರದ ಅರ್ಥ ಗೊತ್ತಿತ್ತು. 'ಎಸ್' ಅಂದರೆ ಸೆನ್ಸಿಟಿವ್, ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತೆ. 'ಆರ್' ಅಂದರೆ ರೆಸಿಸ್ಟೆಂಟ್, ಬಗ್ಗಲ್ಲ. ಆ ಮಾತ್ರೆ ನುಂಗಿದರೂ ಒಂದೇ, ಬಿಟ್ಟರೂ ಒಂದೇ. ಇದನ್ನು ಆ ತಾಯಿಗೆ ಹೇಳುವಾಗ ನನಗೇ ಸಂಕಟವಾಯ್ತು.

ಯಾಕೆ ಹೀಗಾಯ್ತು? ಮೊದಲು ಕಲ್ಲಿನ ಕಥೆ ನೋಡೋಣ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ನೀರಿನಿಂದಲೇ ಕಲ್ಲಾಗುತ್ತೆ ಅಂತ ಜನ ಹೇಳ್ತಾರೆ. ಆದರೆ ಡಾಕ್ಟರುಗಳು ಮೊದಲು ಕೇಳೋದು ಯಾವ ನೀರು ಕುಡಿದಿರಿ ಅಂತಲ್ಲ, ಎಷ್ಟು ಕುಡಿದಿರಿ ಅಂತ. ನೀರು ಕಮ್ಮಿಯಾದರೆ ಮೂತ್ರ ಮಂದವಾಗುತ್ತೆ, ಅದರಲ್ಲಿರುವ ಲವಣಗಳು ಹರಳುಗಟ್ಟುತ್ತವೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದಾಚೆಗೆ ಕೆಜಿಎಫ್ ಜನರ ಹೊಟ್ಟೆಪಾಡು ಬೆಳಗಿನ ಟ್ರೈನಿಗೆ ಕಟ್ಟಿಕೊಂಡಿದೆ. ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯೋಕೆ ಹೋಗುವ ಸಾವಿರಾರು ಜನ. ಕಿಕ್ಕಿರಿದ ಬೋಗಿಯಲ್ಲಿ ಶೌಚಾಲಯಕ್ಕೆ ಹೋಗೋದು ಹೇಗೆ? ಅದಕ್ಕೇ ನೀರು ಕುಡಿಯೋದೇ ಇಲ್ಲ. ಹೆಣ್ಣುಮಕ್ಕಳಂತೂ ಗಂಟೆಗಟ್ಟಲೆ ತಡೆದುಕೊಂಡು ಕೂರ್ತಾರೆ. ಕಲ್ಲಿಗೂ ಸೋಂಕಿಗೂ ಇದಕ್ಕಿಂತ ಒಳ್ಳೆ ಆಹ್ವಾನ ಬೇಕಾ?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕಲ್ಲಿಲ್ಲದವರ ಮೂತ್ರದ ಸೋಂಕು ಬೇರೆ, ಕಲ್ಲಿರುವವರದ್ದು ಬೇರೆ. ಮನೆಯ ನೀರಿನ ತೊಟ್ಟಿ ನೆನಪು ಮಾಡಿಕೊಳ್ಳಿ. ನೀರು ಖಾಲಿ ಮಾಡಿ ಹೊಸ ನೀರು ತುಂಬಿಸ್ತೀರಿ. ಗೋಡೆಗಂಟಿದ ಲೋಳೆ ಹೋಗುತ್ತಾ? ಇಲ್ಲ, ತಿಕ್ಕಬೇಕು. ಕಲ್ಲಿನ ಮೇಲೂ ಒಳಗೂ ಬ್ಯಾಕ್ಟೀರಿಯಾಗಳು ಇಂಥದ್ದೇ ಲೋಳೆಪದರ ಕಟ್ಟಿಕೊಂಡು ಕೂರುತ್ತವೆ. ಮಾತ್ರೆ ಮೂತ್ರದಲ್ಲಿ ತೇಲುವವನ್ನು ಕೊಲ್ಲುತ್ತೆ, ಉರಿ ನಿಲ್ಲುತ್ತೆ. ಕಲ್ಲಿನಲ್ಲಿ ಅಡಗಿದವು ಉಳಿದುಕೊಳ್ಳುತ್ತವೆ. ಅವುಗಳಲ್ಲಿ ಔಷಧಿಯನ್ನು ತಡೆದುಕೊಳ್ಳುವ ಗಟ್ಟಿಗರೇ ಮುಂದಿನ ಸಲ ಬೆಳೆದು ಬರ್ತಾರೆ. ಮತ್ತೆ ಅದೇ ಮಾತ್ರೆ, ಮತ್ತೆ ಇನ್ನಷ್ಟು ಗಟ್ಟಿಗರು. ಅಂದರೆ ನಾವು ದುಡ್ಡು ಕೊಟ್ಟು ಶತ್ರುವಿಗೆ ತರಬೇತಿ ಕೊಡ್ತಿದ್ದೀವಿ!

ಪ್ರೋಟಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಇನ್ನೂ ಖದೀಮರು. ಅವು ಯೂರಿಯಾವನ್ನು ಒಡೆದು, ಮೂತ್ರವನ್ನು ಕ್ಷಾರೀಯ ಮಾಡಿ, ತಾವೇ ಹೊಸ ಕಲ್ಲು ಬೆಳೆಸುತ್ತವೆ. ಉರಿಮೂತ್ರಕ್ಕೆ ಸಾಮಾನ್ಯವಾಗಿ ಕೊಡುವ ನೈಟ್ರೋಫ್ಯುರಾಂಟಾಯಿನ್ ಮಾತ್ರೆಗೆ ಪ್ರೋಟಿಯಸ್ ಹುಟ್ಟಿನಿಂದಲೇ ಬಗ್ಗಲ್ಲ. ಅಷ್ಟೇ ಅಲ್ಲ, ಆ ಮಾತ್ರೆ ಮೂತ್ರಕೋಶದಲ್ಲಿ ಕೆಲಸ ಮಾಡುತ್ತೆಯೇ ಹೊರತು ಕಿಡ್ನಿಗೇರಿದ ಸೋಂಕಿಗೆ ಸಾಲಲ್ಲ. ಪಕ್ಕದ ಮನೆಯವರಿಗೆ ವಾಸಿಯಾದ ಮಾತ್ರೆ ನಿಮಗೆ ಯಾಕೆ ವಾಸಿ ಮಾಡಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲಿದೆ.

ಇದು ಹೊಸ ಎಚ್ಚರಿಕೆಯೂ ಅಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಇದನ್ನು ಹೇಳಿದ್ದರು. ಯಾರು ಬೇಕಾದರೂ ಅಂಗಡಿಯಲ್ಲಿ ಔಷಧಿ ಕೊಂಡು, ಸಾಲದಷ್ಟು ಡೋಸ್ ನುಂಗಿ, ಬ್ಯಾಕ್ಟೀರಿಯಾಗಳನ್ನು ಗಟ್ಟಿ ಮಾಡುವ ದಿನ ಬರಬಹುದು ಅಂತ. ಆ ದಿನ ಬಂದು ಎಷ್ಟು ವರ್ಷವಾಯಿತೋ!

2008ರಲ್ಲಿ ಸ್ವೀಡನ್‌ನಲ್ಲಿದ್ದ ಭಾರತೀಯ ಮೂಲದ ರೋಗಿಯೊಬ್ಬರಿಗೆ ಮೂತ್ರದ ಸೋಂಕಾಯ್ತು. ಅದಕ್ಕೆ ಮುಂಚೆ ಅವರು ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದರು. ಅವರ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿದ್ದ ಇಂಜೆಕ್ಷನ್‌ಗಳಿಗೂ ಬಗ್ಗಲಿಲ್ಲ. ಅದರ ಶಕ್ತಿಯ ಮೂಲಕ್ಕೆ ವಿಜ್ಞಾನಿಗಳು ಎನ್‌ಡಿಎಂ-1 ಅಂತ ಹೆಸರಿಟ್ಟರು. ಎನ್‌ಡಿ ಅಂದರೆ ನ್ಯೂಡೆಲ್ಲಿ. ಹೆಸರಿನ ಬಗ್ಗೆ ದೊಡ್ಡ ಗಲಾಟೆ ಮಾಡಿದೆವು. ರೋಗದ ಬಗ್ಗೆ ಅಷ್ಟು ಗಲಾಟೆ ಮಾಡಿದೆವಾ? ಐಸಿಎಂಆರ್ ಲೆಕ್ಕ ನೋಡಿ. ಮೂತ್ರದ ಸೋಂಕಿಗೆ ಅತಿ ಹೆಚ್ಚು ಕಾರಣವಾಗುವ ಇ-ಕೊಲೈ ಬ್ಯಾಕ್ಟೀರಿಯಾ ಇಮಿಪೆನೆಂ ಎಂಬ ದೊಡ್ಡ ಇಂಜೆಕ್ಷನ್‌ಗೆ ಬಗ್ಗದಿರುವ ಪ್ರಮಾಣ 2016ರಲ್ಲಿ ಶೇ 14 ಇತ್ತು. 2021ಕ್ಕೆ ಶೇ 36 ಆಯ್ತು. ಇದು ದೊಡ್ಡಾಸ್ಪತ್ರೆಗಳ ಲೆಕ್ಕ, ಊರೂರಿನದ್ದಲ್ಲ, ಒಪ್ಪೋಣ. ಆದರೆ ಐದೇ ವರ್ಷದಲ್ಲಿ ಎರಡೂವರೆ ಪಟ್ಟು!

ಹಾಗಾದರೆ ಕಲ್ಲಿರುವವರು ಏನು ಮಾಡಬೇಕು? ತಜ್ಞರು ಹೇಳೋದು ಇಷ್ಟು. ಸೋಂಕು ಅನ್ನಿಸಿದರೆ ಮಾತ್ರೆ ನುಂಗುವ ಮೊದಲೇ ಮೂತ್ರದ ಕಲ್ಚರ್‌ಗೆ ಕೊಡಿ. ಮಾತ್ರೆ ಶುರುಮಾಡಿ ಕೊಟ್ಟರೆ ಫಲಿತಾಂಶ ತಪ್ಪಬಹುದು. ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಏನು ಕೊಡಬೇಕು ಅನ್ನೋದನ್ನು ಡಾಕ್ಟರ್ ತೀರ್ಮಾನಿಸಲಿ, ಮೆಡಿಕಲ್ ಶಾಪ್ ಅಲ್ಲ. ಸೋಂಕು ಮರುಕಳಿಸುತ್ತಿದ್ದರೆ ಕಲ್ಲನ್ನೇ ತೆಗೆಸುವ ಮಾತು ಕೇಳಿ. ಕಲ್ಲಿಗಾಗಿ ಸ್ಟೆಂಟ್ ಹಾಕಿದ್ದರೆ ತೆಗೆಸುವ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ, ಮರೆತ ಸ್ಟೆಂಟ್ ಕೂಡ ಬ್ಯಾಕ್ಟೀರಿಯಾಕ್ಕೆ ಮನೆಯೇ. ಉರಿ, ಜ್ವರ ಏನೂ ಇಲ್ಲದೆ ರಿಪೋರ್ಟ್‌ನಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಎಲ್ಲರಿಗೂ ಆಂಟಿಬಯೋಟಿಕ್ ಬೇಕಾಗಲ್ಲ. ಗರ್ಭಿಣಿಯರು, ಕಲ್ಲಿನ ಆಪರೇಷನ್‌ಗೆ ಹೋಗುವವರ ವಿಷಯ ಬೇರೆ. ಬಾಳೆದಿಂಡಿನ ಜ್ಯೂಸು, ಹುರುಳಿಕಟ್ಟು ಕುಡಿಯಿರಿ, ಬೇಡ ಅನ್ನಲ್ಲ. ಅದರಿಂದ ಸೋಂಕು ಹೋಗುತ್ತೆ ಅಂತ ಮಾತ್ರ ಕಾಯಬೇಡಿ.

ಇದೊಂದನ್ನು ಮನೆಮಂದಿಗೆಲ್ಲ ಹೇಳಿ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂತೆಂದರೆ ಅದು ತುರ್ತುಸ್ಥಿತಿ. ಕಟ್ಟಿಕೊಂಡ ಕಿಡ್ನಿಯಲ್ಲಿ ಕೀವಾದರೆ ಮಾತ್ರೆ ಸಾಲಲ್ಲ, ಮೂತ್ರ ಹೊರಬರಲು ದಾರಿ ಮಾಡಲೇಬೇಕು. ತಡವಾದರೆ ಸೋಂಕು ರಕ್ತಕ್ಕೇರುತ್ತೆ, ಜೀವ ಹೋಗುತ್ತೆ. ಬೆಳಗಾಗಲಿ ಅಂತ ಕಾಯಬೇಡಿ.

ತಪ್ಪು ಬರೀ ಜನರದ್ದಾ? ನಾನು ಒಪ್ಪಲ್ಲ. ಒಂದು ಕಾಲದಲ್ಲಿ ಕೆಜಿಎಫ್‌ನಲ್ಲಿ ಗಣಿ ಕಂಪನಿಯದ್ದೇ ಆಸ್ಪತ್ರೆ ಇತ್ತು. ಇವತ್ತು ಡಾಕ್ಟರ ಹತ್ತಿರ ಹೋಗಬೇಕಂದ್ರೆ ಬೆಳಗಿನ ಟ್ರೈನು ತಪ್ಪುತ್ತೆ, ದಿನದ ಕೂಲಿ ತಪ್ಪುತ್ತೆ. ರಾತ್ರಿ ಇಳಿದಾಗ ಬಾಗಿಲು ತೆರೆದಿರೋದು ಮೆಡಿಕಲ್ ಶಾಪ್ ಮಾತ್ರ. ಹಲವು ಆಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಕೊಡಬಾರದು, ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು ಅಂತ 2014ರಿಂದ ಕಾನೂನಿದೆ. ಕಾನೂನು ಜಾರಿ ಮಾಡಿ, ಸರಿ. ಅದರ ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಲ್ಚರ್ ಪರೀಕ್ಷೆ ಸುಲಭವಾಗಿ ಸಿಗಲಿ. ಸಂಜೆ ಟ್ರೈನ್ ಇಳಿದವನಿಗೆ ಡಾಕ್ಟರ್ ಸಿಗಲಿ. ಬರೀ ಬಾಗಿಲು ಮುಚ್ಚಿಸಿ, ಇನ್ನೊಂದು ಬಾಗಿಲು ತೆರೆಯದಿದ್ದರೆ ಬಡವ ಎಲ್ಲಿಗೆ ಹೋಗಬೇಕು?

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಆ ರಿಪೋರ್ಟ್ ಬಿಸಾಕಬೇಡಿ ಅಮ್ಮ. ಅದರಲ್ಲಿ ಎಲ್ಲೋ ಒಂದೆರಡು 'ಎಸ್' ಇರಬಹುದು. ನಾಳೆ ಕೆಲಸಕ್ಕೆ ರಜೆ ಹಾಕಿಸಿ, ಅದನ್ನು ತಗೊಂಡು ಯೂರಾಲಜಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ."

ಕೆಜಿಎಫ್ ಜನರಿಗೆ ಬೇರೆಯವರು ಹೇಳಬೇಕಾಗಿಲ್ಲ, ಅಗೆದಷ್ಟೂ ಗಣಿ ಬರಿದಾಗುತ್ತೆ. ಆಂಟಿಬಯೋಟಿಕ್ ಕೂಡ ಹಾಗೇ. ನಿಮ್ಮ ಮನೆಯಲ್ಲಿ ಹಳೇ ಚೀಟಿ, ಅರ್ಧ ಉಳಿದ ಸ್ಟ್ರಿಪ್ ಇದೆಯಾ? ಇವತ್ತೇ ಒಮ್ಮೆ ನೋಡಿ. ಮುಂದಿನ ಸಲ ಉರಿ ಶುರುವಾದಾಗ ಅದಕ್ಕೆ ಕೈ ಹಾಕಬೇಡಿ.