ದಿರ್ಹಮ್ ಸಂಬಳ, ರೂಪಾಯಿ ಲೆಕ್ಕ

2024ರ ಬೇಸಿಗೆಯಲ್ಲಿ ನಾವು ನಾಯಂಡಹಳ್ಳಿಯ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಹಿರಿಯ ಮಗಳು ಗಣಿತದ ಶಿಕ್ಷಕಿ. ದುಬೈನ ಶಾಲೆಯೊಂದರಿಂದ ಆಕೆಗೆ ತಿಂಗಳಿಗೆ 5,000 ದಿರ್ಹಮ್ ಸಂಬಳದ ಕರೆ ಬಂದಿತ್ತು. ನಿವೃತ್ತರಾದ ತಂದೆಯವರು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅದನ್ನು 23ರಿಂದ ಗುಣಿಸಿ 1,15,000 ರೂಪಾಯಿ ಎಂದು ಬರೆದಿಟ್ಟಿದ್ದರು. ಕೆಲಸ ಕೊಡಿಸಲು ಏಜೆಂಟನೊಬ್ಬ ಒಂದೂವರೆ ಲಕ್ಷ ಕೇಳಿದ್ದನು. ತಾಯಿಯವರ ಬಳೆಗಳು ಅಡವಿಗೆ ಹೊರಡಲು ಸಿದ್ಧವಾಗಿದ್ದವು.

"ಎರಡು ತಿಂಗಳ ಸಂಬಳದಲ್ಲಿ ಬಿಡಿಸಿಕೊಂಡುಬಿಡಬಹುದು, ಅಲ್ಲವೇ?" ಎಂದು ಆ ತಾಯಿ ನಮ್ಮನ್ನು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಗುಣಿಸಿದರೆ ಸಾಲದು, ಕಳೆಯಬೇಕು

ದಿರ್ಹಮಿನ ಬೆಲೆ 1997ರಿಂದ ಡಾಲರಿಗೆ 3.6725ರಂತೆ ಸ್ಥಿರವಾಗಿದೆ. ಆದುದರಿಂದ ರೂಪಾಯಿ ಕುಸಿದಂತೆಲ್ಲ ದಿರ್ಹಮ್ ನಮಗೆ ದೊಡ್ಡದಾಗಿ ಕಾಣುತ್ತದೆ. 2005ರಲ್ಲಿ ಸುಮಾರು 12 ರೂಪಾಯಿ ಇದ್ದುದು 2024ರಲ್ಲಿ ಸುಮಾರು 23 ಆಗಿತ್ತು. ಆದರೆ ಅಲ್ಲಿ ಅಕ್ಕಿ, ತರಕಾರಿ, ಬಾಡಿಗೆ ಎಲ್ಲವನ್ನೂ ದಿರ್ಹಮಿನಲ್ಲಿಯೇ ಕೊಡಬೇಕು. ಖರ್ಚಾದ ಹಣಕ್ಕೆ 23ರ ಲೆಕ್ಕವಿಲ್ಲ. ಉಳಿದ ಹಣಕ್ಕೆ ಮಾತ್ರ ಅದುಂಟು.

ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆಯಿಲ್ಲವೆಂಬುದು ನಿಜ. ಆದರೆ 2018ರಿಂದ ಬಹುತೇಕ ಸರಕುಗಳ ಮೇಲೆ ಶೇಕಡಾ 5ರಷ್ಟು ಮೌಲ್ಯವರ್ಧಿತ ತೆರಿಗೆಯಿದೆ. ದುಬೈನಲ್ಲಿ ವರ್ಷದ ಬಾಡಿಗೆಯನ್ನು ಮುಂದಿನ ತಾರೀಖಿನ ಕೆಲವೇ ಚೆಕ್ಕುಗಳಲ್ಲಿ ಕೊಡುವುದು ರೂಢಿ. ಬಾಡಿಗೆಯ ಶೇಕಡಾ 5ರಷ್ಟು ನಗರಸಭೆಯ ಶುಲ್ಕವು ವಿದ್ಯುತ್ತು, ನೀರಿನ ಬಿಲ್ಲಿನೊಡನೆ ಬರುತ್ತದೆ.

ನಾವು ಆ ಮನೆಯ ಜಗಲಿಯಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ಬಾಡಿಗೆ, ಊಟ, ಓಡಾಟ ಸೇರಿ 3,500 ಖರ್ಚಾದರೆ ಉಳಿಯುವುದು 1,500 ದಿರ್ಹಮ್, ಅಂದರೆ 34,500 ರೂಪಾಯಿ. ಆಕೆ ಇಲ್ಲಿ 28,000 ರೂಪಾಯಿ ಸಂಬಳದಲ್ಲಿ 18,000ವನ್ನು ಮನೆಗೆ ಕೊಡುತ್ತಿದ್ದಳು. ಹಾಗಾದರೆ ಮನೆಗೆ ಹೆಚ್ಚಾಗಿ ಬರುವುದು 16,500 ಮಾತ್ರ. ಬಳೆಗಳನ್ನು ಬಿಡಿಸಲು ಎರಡು ತಿಂಗಳಲ್ಲ, ಬಡ್ಡಿಯನ್ನು ಬಿಟ್ಟರೂ ಒಂಬತ್ತು ತಿಂಗಳಿಗೂ ಮಿಗಿಲು! ಶಾಲೆಯೇ ವಸತಿ ಕೊಟ್ಟು, ಖರ್ಚು 1,500ಕ್ಕೆ ಇಳಿದರೆ ಉಳಿತಾಯ 80,500 ರೂಪಾಯಿಗೆ ಏರುತ್ತದೆ. ಸಂಬಳದ ಅಂಕಿ ಒಂದೇ. ಬದುಕು ಬೇರೆ ಬೇರೆ.

ಸಹಿ ಹಾಕುವ ಮುನ್ನ

ಒಪ್ಪಂದದಲ್ಲಿ ಮೂಲ ವೇತನವೆಷ್ಟು, ಭತ್ಯೆಯೆಷ್ಟು ಎಂಬುದನ್ನು ನೋಡತಕ್ಕದ್ದು. ಸೇವೆ ಮುಗಿದಾಗ ದೊರೆಯುವ ಉಪದಾನಕ್ಕೆ ಮೂಲ ವೇತನವೇ ಆಧಾರ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ 30 ದಿನಗಳ ವೇತನ. ಮೂಲ ವೇತನ 3,000 ಆದರೆ ವರ್ಷಕ್ಕೆ 2,100 ದಿರ್ಹಮ್; 5,000 ಆದರೆ 3,500.

ವಸತಿ ಶಾಲೆಯದೋ ತಮ್ಮದೋ, ರಜೆಯಲ್ಲಿ ಊರಿಗೆ ಬರುವ ವಿಮಾನದ ಖರ್ಚು ಯಾರದು ಎಂಬುದನ್ನು ಬರಹದಲ್ಲಿಯೇ ಪಡೆಯಬೇಕು. ದುಬೈನಲ್ಲಿ ನೌಕರರ ಆರೋಗ್ಯ ವಿಮೆ ಮಾಲೀಕರ ಹೊಣೆ. ಜೊತೆಗೆ ಹೋದ ಪತಿ ಮತ್ತು ಮಕ್ಕಳ ವಿಮೆ ಸಾಮಾನ್ಯವಾಗಿ ನೌಕರರ ತಲೆಯ ಮೇಲೆಯೇ ಬೀಳುತ್ತದೆ.

ಏಜೆಂಟರ ವಿಷಯದಲ್ಲಿಯೂ ಕಾನೂನಿದೆ. ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾದ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ನೋಂದಣಿ ಸಂಖ್ಯೆ ಕೇಳಿದಾಗ ಬಾಯಿ ಮುಚ್ಚುವವನಿಗೆ ಬಳೆ ಮಾರಿ ಕೊಡುವ ಅಗತ್ಯವಿಲ್ಲ.

ಬೇರೆ ನಾಡುಗಳ ಪಾಠ

ಭಾರತದ ಶಿಕ್ಷಕರು ಇಥಿಯೋಪಿಯಾ, ಮಾಲ್ಡೀವ್ಸ್‌ಗಳಿಗೂ ಬಹುಕಾಲದಿಂದ ಹೋಗುತ್ತಿದ್ದಾರೆ. ಇಥಿಯೋಪಿಯಾದ ನಾಣ್ಯ ಬಿರ್ರ್ 2024ರ ಜುಲೈನಲ್ಲಿ ಮಾರುಕಟ್ಟೆಯ ದರಕ್ಕೆ ಬಿಡಲ್ಪಟ್ಟಾಗ, ಡಾಲರಿಗೆ ಸುಮಾರು 57 ಇದ್ದುದು ಕೆಲವೇ ವಾರಗಳಲ್ಲಿ 100ನ್ನು ದಾಟಿತು. ಬಿರ್ರ್‌ನಲ್ಲಿ ಸಂಬಳ ಪಡೆಯುವವರ ಉಳಿತಾಯ ನಿಂತಲ್ಲಿಯೇ ಕರಗಿತು. ಮಾಲ್ಡೀವ್ಸ್‌ನಲ್ಲಿ ಡಾಲರಿನ ಅಭಾವದಿಂದ, ಗಳಿಸಿದುದನ್ನು ಊರಿಗೆ ಕಳುಹಿಸುವುದೇ ಕಷ್ಟವಾದ ದಿನಗಳುಂಟು. ಸಂಬಳ ಯಾವ ನಾಣ್ಯದಲ್ಲಿ, ಅದು ಊರಿಗೆ ಬರುವ ದಾರಿ ಯಾವುದು ಎಂಬುದನ್ನೂ ವಿಚಾರಿಸಬೇಕು.

ಕೊನೆಗೆ ಆ ಮನೆಯಲ್ಲಿ

ಮಗಳು ಶಾಲೆಗೆ ನೇರವಾಗಿ ಪತ್ರ ಬರೆದಳು. ಇನ್ನೊಬ್ಬ ಶಿಕ್ಷಕಿಯೊಡನೆ ಹಂಚಿಕೊಳ್ಳುವ ಕೋಣೆಯನ್ನು ಶಾಲೆಯೇ ಕೊಡುವುದೆಂದು ಹತ್ತು ದಿನಗಳಲ್ಲಿ ಉತ್ತರ ಬಂದಿತು. ಏಜೆಂಟನ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಆಗಸ್ಟಿನಲ್ಲಿ ಆಕೆ ಹೊರಟಳು.

ಹೊರಡುವ ದಿನ ತಾಯಿ ಆಕೆಯ ಕೈ ಹಿಡಿದು, "ನಮಗೆ ಕಳಿಸಬೇಕೆಂದು ನೀನು ಹೊಟ್ಟೆ ಬಟ್ಟೆ ಕಟ್ಟಬೇಡ, ತಾಯಿ" ಎಂದರು. ಬಳೆಗಳು ಅವರ ಕೈಯಲ್ಲಿಯೇ ಇದ್ದವು. ದೂರದೇಶದ ಕಾಯಕವೂ ಕಾಯಕವೇ. ಆದರೆ ಅದನ್ನು ಸಾಲದಿಂದ ಆರಂಭಿಸದಿರಲೆಂಬುದು ನಮ್ಮ ಬಯಕೆ.