ಪುಂಡಿಪಲ್ಯ ಬ್ಯಾಡ, ಗೊಂಗೂರ ಬೇಕು

ಹೈದರಾಬಾದಿನ ಸುಲ್ತಾನ್ ಬಜಾರಿನ ಬಡೀ ಚೌಡಿ ತರಕಾರಿ ಮಾರುಕಟ್ಟೆಯಲ್ಲಿ ಪುಂಡಿಸೊಪ್ಪಿಗೆ ಗೊಂಗೂರ ಎಂದು ಹೆಸರು. ಕಲಬುರಗಿ ಕಡೆಯಿಂದ ಬಂದು ಇಲ್ಲೇ ಆಸುಪಾಸಿನಲ್ಲಿ ನೆಲೆಸಿದ ಪರಿಚಯದ ಮನೆಯೊಂದಿದೆ. ಅಲ್ಲಿ ಆಯಿ ಮಾಡಿದ ಪುಂಡಿಪಲ್ಯವನ್ನು ಏಳು ವರ್ಷದ ಮೊಮ್ಮಗಳು ಮುಟ್ಟುವುದಿಲ್ಲ. ಅದೇ ಸೊಪ್ಪು ಗೆಳತಿಯ ಡಬ್ಬಿಯಲ್ಲಿ ಗೊಂಗೂರ ಪಚ್ಚಡಿಯಾಗಿ ಬಂದರೆ ಬೆರಳು ಚೀಪುತ್ತಾಳೆ. "ಎರಡೂ ಒಂದ ಸೊಪ್ಪವ್ವಾ" ಎಂದರೆ ಆಯಿಯನ್ನೇ ಅನುಮಾನದಿಂದ ನೋಡುತ್ತಾಳೆ.

ಇದು ಬರೀ ಹಟವಲ್ಲ. ಮಕ್ಕಳಿಗೆ, ಅದರಲ್ಲೂ ಎರಡರಿಂದ ಆರು ವರ್ಷದವರೆಗೆ, ಹೊಸ ತಿನಿಸೆಂದರೆ ಸಹಜವಾಗಿಯೇ ಅಳುಕು. ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ನಾಲಿಗೆಗೆ ತಾಗಿದ ಮೇಲಷ್ಟೇ ಅದು 'ನಮ್ಮದು' ಆಗುತ್ತದೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಒಂದು ತರಕಾರಿ ಒಲ್ಲದ ಮಗುವನ್ನು, ಅದನ್ನೇ ಇಷ್ಟಪಡುವ ಮಕ್ಕಳ ಜೊತೆ ಕೆಲವು ದಿನ ಊಟಕ್ಕೆ ಕೂರಿಸಿದರೆ ಮಗುವಿನ ಆಯ್ಕೆಯೇ ಬದಲಾಗುತ್ತಿತ್ತು. ಹಳ್ಳಿಯಲ್ಲಿ ಓಣಿಯ ಮಕ್ಕಳೆಲ್ಲ ಪುಂಡಿಪಲ್ಯದ ಜೊತೆ ಜೋಳದ ರೊಟ್ಟಿ ತಿನ್ನುವವರೇ. ಪಟ್ಟಣದ ಶಾಲೆಯಲ್ಲಿ ರೊಟ್ಟಿಯ ಡಬ್ಬಿ ಒಂಟಿ.

ರೊಟ್ಟಿಯ ತೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ತಣ್ಣೀರಿನಲ್ಲಿ ನಾದಿದರೆ ಹಿಟ್ಟು ಬಿರಿಯುತ್ತದೆ. ಕುದಿಯುವ ನೀರು ಹಾಕಿದಾಗ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆಗ ಕೈಯಿಂದ ಬಡಿಯಬಹುದು. ಆರಿದ ಮೇಲೆ ಪಿಷ್ಟ ಮತ್ತೆ ಬಿಗಿಯುತ್ತದೆ. ಬೆಳಿಗ್ಗೆ ಮೆತ್ತಗಿದ್ದ ರೊಟ್ಟಿ ಮಧ್ಯಾಹ್ನದ ಡಬ್ಬಿಯಲ್ಲಿ ಬಿರುಸು. ಅದನ್ನು ಅಗಿಯಲು ಹೊತ್ತು ಬೇಕು, ಶಾಲೆಯ ಊಟದ ಬಿಡುವು ಚಿಕ್ಕದು. ಇನ್ನು ಬಡಿಯುವ ಸದ್ದು! ಮೂರನೇ ಮಹಡಿಯಲ್ಲಿ ನಸುಕಿಗೆ ರೊಟ್ಟಿ ಬಡಿದರೆ ಎರಡನೇ ಮಹಡಿಯವರು ಬಾಗಿಲು ಬಡಿಯುತ್ತಾರೆ.

ಅನ್ನ ಈ ಯಾವ ತಕರಾರನ್ನೂ ಎಬ್ಬಿಸುವುದಿಲ್ಲ. 1983ರಲ್ಲಿ ಆಂಧ್ರಪ್ರದೇಶದ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿದ ಮೇಲಂತೂ ಜೋಳದ ಸೀಮೆಯ ಬಡವರ ಮನೆಯಲ್ಲೂ ಅನ್ನವೇ ದಿನದ ಊಟವಾಗುತ್ತ ಹೋಯಿತು.

ಹಾಗಂತ ಹಳೆಯ ತಟ್ಟೆಯೆಲ್ಲ ಅಮೃತವಾಗಿತ್ತು ಎನ್ನುವವರ ಜೊತೆ ನಾನು ಸೇರಲಾರೆ. ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರ ಸಾಮಾನ್ಯವಾಗಿತ್ತು: ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು. ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಬಂದ, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿರುವ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ, ನಯಾಸಿನ್ ಜೀವಸತ್ವ ದೇಹಕ್ಕೆ ಒದಗುವುದನ್ನು ಕೆಡಿಸುತ್ತದೆ, ಅದರ ಕೊರತೆಯೇ ಈ ರೋಗ ತರುತ್ತದೆ ಎಂದು. ಆ ವಾದದ ಮೇಲೆ ಚರ್ಚೆ ಬಹಳ ನಡೆಯಿತು. ರೋಗ ಮಾತ್ರ ಊಟ ಬಗೆಬಗೆಯಾದಂತೆ ಹಿಂದೆ ಸರಿಯಿತು. ರೊಟ್ಟಿಯ ಪಕ್ಕದ ಶೇಂಗಾ ಹಿಂಡಿ, ಹೆಸರುಕಾಳು, ಪುಂಡಿಪಲ್ಯ, ಮಜ್ಜಿಗೆ ಅಲಂಕಾರಕ್ಕಿದ್ದವಲ್ಲ. ಶೇಂಗಾದಲ್ಲಿ ನಯಾಸಿನ್ ದಂಡಿಯಾಗಿದೆ. ಪಟ್ಟಣದ ಮಗು ರೊಟ್ಟಿ ಬಿಟ್ಟಾಗ ಈ ಪಕ್ಕದವೂ ಜೊತೆಗೇ ಹೋದವು, ಅವುಗಳ ಜಾಗಕ್ಕೆ ನೂಡಲ್ಸ್ ಬಂತು. ನನ್ನ ಚಿಂತೆ ಅದು.

ಈಗ ಹೈದರಾಬಾದಿನ ರಸ್ತೆಬದಿಯಲ್ಲಿ ಸಂಜೆ ಹೆಂಗಸರು ಜೊನ್ನ ರೊಟ್ಟೆ ಬಡಿದು ಮಾರುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರೂ ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ. ನಮ್ಮ ಆಯಿಗೆ ಆ ಸಾಲು ಬೇಕಿಲ್ಲ. ಮೊಮ್ಮಗಳ ಡಬ್ಬಿಗೆ ಈಚೆಗೆ ತುಪ್ಪ ಸವರಿ ಹಿಂಡಿ ಉದುರಿಸಿದ ರೊಟ್ಟಿಯ ಸುರುಳಿ ಎರಡು ಹೆಚ್ಚಿಗೆ ಹಾಕುತ್ತಾರೆ, ಗೊಂಗೂರದ ಗೆಳತಿಗೆ ಅಂತ.